ಹೊಟ್ಟೆಯಲ್ಲಿ ಕಣ್ಣು

ನಮ್ಮ ಮನೆಯಲ್ಲಿ ಒಂದು ಊಟದ ಮೇಜಿದೆ. ಅದರ ಮೇಲೆ ಊಟ ಮಾಡುವ ಹಕ್ಕು ಮಾತ್ರ ನನಗಾಗಲಿ ನನ್ನ ಹೆಂಡತಿ ವಾರಿಜಾಗಾಗಲಿ ಉಳಿದಿಲ್ಲ. ಮಹಡಿಯ ಮೇಲೆ ಅಪ್ಪ ಅಮ್ಮನ ಜೊತೆ ಇರುವ ಮೊಮ್ಮಗಳು ಸಮನ್ವಿತಾ ತನ್ನ ಕಂಪ್ಯೂಟರ್ ಮೌಸ್‌ಗಳನ್ನೆಲ್ಲ ಕೆಳಗೆ ತಂದು ಆ ಮೇಜಿನ ಮೇಲೆ ಹರಡಿದ್ದಾಳೆ. ಮೇಲೆ ಜಾಗವಿಲ್ಲವಂತೆ. ಜಾಗವೇನೋ ಇದೆ, ಬೈಯುವುದಕ್ಕೆ ಅವಳಮ್ಮನೂ ಇದ್ದಾಳೆ. ಇಲ್ಲಿ ಬೈಯುವವನು ನಾನು, ಸೇತುರಾಮ. ನನ್ನ ಬೈಗುಳಕ್ಕೆ ಇಡೀ ಜಯನಗರದಲ್ಲಿ ಯಾರೂ ಹೆದರುವುದಿಲ್ಲ.

ಮೌಸ್ ಪರೀಕ್ಷೆ ಮಾಡುವುದು ಅವಳ ಕೆಲಸ. ಅದೂ ಗೇಮ್ ಆಡುವವರ ಮೌಸ್. ಆ ಆಟಗಳಲ್ಲಿ ಕೈ ಎಷ್ಟು ಸರಿಯಿತೋ ಪರದೆಯ ಮೇಲಿನ ಗುರಿಯೂ ಲೆಕ್ಕಕ್ಕೆ ಸರಿಯಾಗಿ ಅಷ್ಟೇ ಸರಿಯಬೇಕು. ಕೂದಲೆಳೆಯಷ್ಟು ತಪ್ಪಿದರೂ ಆಟಗಾರ ಸತ್ತ. ಅದಕ್ಕಾಗಿ ಮೌಸಿನ ಅಡಿಯ ಪುಟ್ಟ ಕುಳಿಯೊಳಗೆ ಒಂದು ಲೆನ್ಸು, ಅದರ ಹಿಂದೆ ಸೆನ್ಸರ್ ಇರುತ್ತದೆ. ಕೆಳಗಿನ ನೆಲ ಎಷ್ಟು ಸರಿಯಿತೆಂದು ಅದು ನೋಡುತ್ತಲೇ ಇರುತ್ತದೆ. ಇದನ್ನು ಸಮನ್ವಿತಾ ವಾರಿಜಾಗೆ ಒಮ್ಮೆ ವಿವರಿಸಿದ್ದು ಹೀಗೆ: "ಇದಕ್ಕೆ ಹೊಟ್ಟೇಲಿ ಕಣ್ಣಿದೆ ಅಜ್ಜಿ. ಆ ಕಣ್ಣು ಎಷ್ಟು ಚುರುಕು ಅಂತ ನಾನು ನೋಡೋದು." ಆ ಮಾತನ್ನು ಅವಳು ಮರೆತಳು, ಅಜ್ಜಿ ಮರೆಯಲಿಲ್ಲ.

ಪರೀಕ್ಷೆಗೆ ಬಳಸುವುದು ನನ್ನ ರೆಕಾರ್ಡ್ ಪ್ಲೇಯರ್. ಮದುವೆಗೆ ಮೊದಲು ಕೊಂಡದ್ದು, ಈಗಲೂ ಗಡಿಯಾರದ ಹಾಗೆ ತಿರುಗುತ್ತದೆ. ಅದರ ತಟ್ಟೆಯ ಮೇಲೆ ಕಪ್ಪು ಮ್ಯಾಟ್ ಅಂಟಿಸಿ, ಮೌಸನ್ನು ಅಲುಗಾಡದಂತೆ ಕ್ಲಾಂಪಿನಲ್ಲಿ ಹಿಡಿದು ಅದರ ಮೇಲೆ ನಿಲ್ಲಿಸುತ್ತಾಳೆ. ತಟ್ಟೆ ತಿರುಗಿದಾಗ ಮೌಸು ತಾನೇ ಓಡುತ್ತಿದ್ದೇನೆಂದು ತಿಳಿದು ಓಡಿದ ದೂರವನ್ನು ಹೇಳುತ್ತದೆ. ಪ್ರತಿ ಸುತ್ತಿಗೂ ಒಂದೇ ಲೆಕ್ಕ ಹೇಳಿದರೆ ಒಳ್ಳೆಯ ಸೆನ್ಸರ್, ಕಂಪ್ಯೂಟರಿನಲ್ಲಿ ಗೆರೆ ನೇರ. ವೇಗ ಹೆಚ್ಚಿಸಿದಾಗ ತಡವರಿಸಿದರೆ ಗೆರೆ ಗರಗಸದ ಹಲ್ಲಾಗುತ್ತದೆ.

"ನಾನು ಸಂಗೀತ ಕೇಳ್ಬೇಕಾದ್ರೆ ಏನೇ ಮಾಡ್ಲಿ?" ಎಂದು ಕೇಳಿದೆ.

"ಫೋನಲ್ಲಿ ಕೇಳಿ ತಾತ," ಎಂದಳು.

ಈ ದಸರೆಯಲ್ಲಿ ಮೇಜಿನ ಮೇಲೆ ನಾಲ್ಕು ಮೌಸ್‌ಗಳಿದ್ದವು. ಮೂರು ಹೊರದೇಶದ ದೊಡ್ಡ ಹೆಸರಿನವು. ನಾಲ್ಕನೆಯದು ಯುವರಾಜನದು. ಯುವರಾಜ ಸಮನ್ವಿತಾಳ ಕಾಲೇಜಿನ ಗೆಳೆಯ, ಮನೆ ಮಡಿವಾಳದಲ್ಲಿ. ಬಿಟಿಎಂ ಬಡಾವಣೆಯಲ್ಲಿ ಒಂದು ರೂಮು ಹಿಡಿದು ತಾನೇ ಮೌಸ್ ತಯಾರಿಸುತ್ತಾನೆ. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರಲ್ಲ, ಹಾಗೆ ಅದನ್ನು ಕರವಸ್ತ್ರದಲ್ಲಿ ಸುತ್ತಿ ತಂದು ಮೇಜಿನ ಮೇಲಿಟ್ಟು ಹೋಗಿದ್ದ. ಬಿಟಿಎಂನಲ್ಲೇ ಚಿದಾನಂದ್ ಎಂಬವರು ದೊಡ್ಡ ಗೇಮಿಂಗ್ ಕೆಫೆ ತೆರೆಯುತ್ತಿದ್ದರು. ಯಾವ ಮೌಸ್ ಹಾಕಿಸಬೇಕೆಂದು ಸಮನ್ವಿತಾ ಹೇಳಬೇಕು. ಆ ಆರ್ಡರ್ ಸಿಗದಿದ್ದರೆ ರೂಮು ಖಾಲಿ ಮಾಡಿ ಕೆಲಸಕ್ಕೆ ಸೇರುತ್ತೇನೆಂದು ಯುವರಾಜ ತನ್ನ ತಾಯಿ ಮಾರಮ್ಮನಿಗೆ ಮಾತು ಕೊಟ್ಟಿದ್ದ. ಇದು ನಮಗೆಲ್ಲ ಗೊತ್ತಿತ್ತು.

ಆ ಹುಡುಗ ಬಂದರೆ ವಾರಿಜಾಳ ಕೋಡುಬಳೆ ಡಬ್ಬದ ಮುಚ್ಚಳ ತಾನಾಗಿ ತೆರೆದುಕೊಳ್ಳುತ್ತದೆ. ನನಗೆ ಎಣಿಸಿ ಎರಡು. ಅವನಿಗೆ ತಟ್ಟೆ ತುಂಬ.

ಆಯುಧಪೂಜೆಯ ದಿನ ನಮ್ಮ ಮನೆಯಲ್ಲಿ ಯಾವ ವಸ್ತುವಿಗೂ ವಿನಾಯಿತಿಯಿಲ್ಲ. ಸ್ಕೂಟರು, ಮಿಕ್ಸಿ, ಈಳಿಗೆಮಣೆ, ಫ್ರಿಜ್ಜು, ನನ್ನ ಕನ್ನಡಕದ ಡಬ್ಬ, ಎಲ್ಲದಕ್ಕೂ ಗಂಧ, ಕುಂಕುಮ, ಮೇಲೊಂದು ಹೂವು. ವಾರಿಜಾ ಗಂಧದ ಬಟ್ಟಲು ಹಿಡಿದು ಮೇಜಿನ ಕಡೆ ಬಂದದ್ದೇ ತಡ, ಸಮನ್ವಿತಾ ಅಡ್ಡ ನಿಂತಳು.

"ಅಜ್ಜಿ, ಇವಕ್ಕೆ ಮೇಲೆ ಏನೂ ಇಡ್ಬೇಡಿ. ಬಟನ್ ಸಂದಿಗೆ ಹೋಗುತ್ತೆ."

"ಆಯ್ತಮ್ಮ, ಮೇಲಿಡಲ್ಲ," ಎಂದಳು ವಾರಿಜಾ. ಅಷ್ಟು ಸುಲಭವಾಗಿ ಅವಳು ಒಪ್ಪಿದಾಗಲೇ ನಾನು ಅನುಮಾನಪಡಬೇಕಿತ್ತು.

ಹಬ್ಬ ಮುಗಿದ ಮೇಲೆ ಪರೀಕ್ಷೆ. ಯುವರಾಜ ಬಂದು ನನ್ನ ಪಕ್ಕ ಕುಳಿತ. ಮೊದಲ ಮೂರು ಮೌಸ್‌ಗಳ ಗೆರೆ ಚೆನ್ನಾಗಿಯೇ ಬಂತು. ನಂತರ ಅವನದು. ತಟ್ಟೆ ನಿಧಾನವಾಗಿ ತಿರುಗುವಾಗ ಎಲ್ಲ ಸರಿಯಿತ್ತು. ಸಮನ್ವಿತಾ ವೇಗ ಹೆಚ್ಚಿಸಿದಳು. ಗೆರೆ ಒಮ್ಮೆಲೇ ಮುರಿದು ಹಲ್ಲುಹಲ್ಲಾಯಿತು. ಅವಳ ನಿಯಮದಂತೆ ಮೂರು ಸಲ ಓಡಿಸಿದಳು. ಮೂರು ಸಲವೂ ಅದೇ ಗರಗಸ.

ಯುವರಾಜ ಪರದೆಯನ್ನೇ ನೋಡುತ್ತಿದ್ದ. "ಇನ್ನೊಂದ್ಸಲ ಓಡಿಸ್ತೀಯಾ?" ಎಂದು ಕೇಳಿದ.

"ಮೂರು ಸಲ ಆಯ್ತು ಕಣೋ. ನಿಂಗೋಸ್ಕರ ನಾಲ್ಕನೇ ಸಲ ಓಡಿಸಿದ್ರೆ ನನ್ನ ಟೆಸ್ಟ್‌ನ ಯಾರು ನಂಬ್ತಾರೆ?"

ಹೇಳಿದವಳ ಕಣ್ಣು ತುಂಬಿತ್ತು, ಆದರೂ ದನಿ ಬದಲಾಗಲಿಲ್ಲ. ನನಗೆ ಅವಳ ಮೇಲೆ ವಿಪರೀತ ಸಿಟ್ಟು ಬಂತು. ಒಂದು ಸಲ ಓಡಿಸಿದರೆ ಇವಳ ಗಂಟೇನು ಹೋಗುತ್ತಿತ್ತು? ಆದರೆ ಓಡಿಸಿದ್ದರೆ ಅವಳ ಬಗ್ಗೆ ನನಗಿರುವ ಹೆಮ್ಮೆಯಲ್ಲಿ ಸ್ವಲ್ಪ ಕಡಿಮೆಯಾಗುತ್ತಿತ್ತು ಎಂಬುದೂ ನಿಜ.

ಯುವರಾಜ ಜಗಳವಾಡಲಿಲ್ಲ. ಮೌಸನ್ನು ಮಗುಚಿ ಹಿಡಿದು ಫೋನಿನ ಟಾರ್ಚ್ ಬಿಟ್ಟು ಕುಳಿಯೊಳಗೆ ನೋಡಿದ. "ಲೆನ್ಸ್ ಮಂಜಾಗಿದೆ," ಎಂದ. "ಗಮ್ ಇರ್ಬೇಕು. ಲೆನ್ಸ್ ಕೂರಿಸುವಾಗ ನಾನೇ ಎಲ್ಲೋ ಜಾಸ್ತಿ ಹಾಕಿದ್ದೀನಿ. ಒಂದ್ರಲ್ಲಿ ಹೀಗಾಗಿದ್ರೆ ಎಲ್ಲದ್ರಲ್ಲೂ ಆಗಿರುತ್ತೆ. ಚಿದಾನಂದ್ ಸಾರ್‌ಗೆ ಹೇಳ್ಬಿಡು, ನಂದು ಬೇಡ ಅಂತ."

ಸಮನ್ವಿತಾ ಫೋನು ಕೈಗೆತ್ತಿಕೊಂಡಳು. ಅಷ್ಟರಲ್ಲಿ ಕಾಫಿ ತಂದ ವಾರಿಜಾ ಲೋಟಗಳನ್ನು ಮೇಜಿನ ಮೇಲಿಡದೆ ನನ್ನ ಕೈಗೆ ತುರುಕಿದಳು.

"ಎಲ್ಲಿ, ತೋರ್ಸಪ್ಪ," ಎಂದು ಯುವರಾಜನ ಕೈಯಿಂದ ಮೌಸ್ ತೆಗೆದುಕೊಂಡು ಅದರ ಹೊಟ್ಟೆಯನ್ನು ಮೂಗಿನ ಹತ್ತಿರ ಹಿಡಿದಳು.

"ಗಮ್ ಅಲ್ಲ ಕಣೋ. ಗಂಧ."

ಯಾರಿಗೂ ಅರ್ಥವಾಗಲಿಲ್ಲ. ಅವಳೇ ಹೇಳಿದಳು. "ಪೂಜೆ ದಿನ ನಾನೇ ಇಟ್ಟೆ. ಮಾರನೇ ದಿನ ಒದ್ದೆ ಬಟ್ಟೇಲಿ ಒರಸ್ದೆ. ಆ ತೂತಿನೊಳಗೆ ಬಟ್ಟೆ ಹೋಗಿಲ್ಲ ಅಂತ ಕಾಣುತ್ತೆ."

"ನಾನು ಬೇಡ ಅಂದಿದ್ದೆ ಅಲ್ವಾ ಅಜ್ಜಿ?"

"ಮೇಲೆ ಬೇಡ ಅಂದೆ. ಕಣ್ಣು ಹೊಟ್ಟೇಲಿದೆ ಅಂತಾನೂ ನೀನೇ ಅಂದಿದ್ದೆ. ಕಣ್ಣಿರೋ ಕಡೆ ತಾನೇ ಮುಖ? ಬೊಟ್ಟು ಮುಖಕ್ಕಲ್ದೆ ಇನ್ನೆಲ್ಲಿಗಿಡ್ತಾರೆ?"

"ಮತ್ತೆ ಉಳಿದ ಮೂರು ಯಾಕೆ ಸರಿಯಾಗಿವೆ?"

"ಅವಕ್ಕೆ ಇಟ್ಟಿಲ್ಲ. ಅವೇನು ನಮ್ಮನೆ ಹುಡುಗ ಮಾಡಿದ್ದಾ?" ಎಂದಳು ವಾರಿಜಾ. "ಇದೊಂದು ಗೆಲ್ಲಲಿ ಅಂತ ಇಟ್ಟೆ. ನಾನೇ ಅದರ ಕಣ್ಣು ಮುಚ್ಚಿಬಿಟ್ನಲ್ಲಪ್ಪ."

ನನ್ನ ಹೆಂಡತಿ ಸುಲಭಕ್ಕೆ ಅಳುವವಳಲ್ಲ. ನಿಂತಲ್ಲೇ ಸೆರಗಿನಿಂದ ಕಣ್ಣೊತ್ತಿಕೊಂಡಳು. ಎರಡೂ ಕೈಯಲ್ಲಿ ಕಾಫಿ ಲೋಟ ಹಿಡಿದು ಕುಳಿತಿದ್ದ ನಾನು ಅವಳ ಬೆನ್ನು ಸವರಲೂ ಆಗದೆ ಒದ್ದಾಡಿದೆ.

ಯುವರಾಜನೇ ಎದ್ದು ಅವಳನ್ನು ಕುರ್ಚಿಯಲ್ಲಿ ಕೂರಿಸಿದ. "ನಮ್ಮನೇಲಿ ಬುದ್ಧವಂದನೆ ಮಾಡ್ತೀವಿ ಅಜ್ಜಿ, ಆಯುಧಪೂಜೆ ಇಲ್ಲ. ಅದಕ್ಕೇ ನಂಗೆ ಹೊಳೀಲಿಲ್ಲ," ಎಂದ. ಆಮೇಲೆ, "ಗಮ್ ಅಲ್ಲ ಅಂತ ಗೊತ್ತಾಯ್ತಲ್ಲ, ಅಷ್ಟು ಸಾಕು ನಂಗೆ," ಎಂದು ನಕ್ಕ.

ಸಮನ್ವಿತಾ ಫೋನು ಕೆಳಗಿಟ್ಟಳು. "ಕಣ್ಣಲ್ಲಿ ಕಸ ಇಟ್ಕೊಂಡು ಮಾಡಿದ್ದು ಟೆಸ್ಟೇ ಅಲ್ಲ. ನಾಲ್ಕನ್ನೂ ಮೊದಲಿಂದ ಮಾಡ್ತೀನಿ," ಎಂದಳು. ಹತ್ತಿ ಸುತ್ತಿದ ಕಡ್ಡಿಗೆ ಸ್ಪಿರಿಟ್ ಅದ್ದಿ ನಾಲ್ಕೂ ಲೆನ್ಸುಗಳನ್ನು ಒಂದೇ ರೀತಿ ಒರೆಸಿದಳು. ಮತ್ತೆ ನನ್ನ ಪ್ಲೇಯರ್ ತಿರುಗಿತು. ಕಾಫಿ ಆರಿತು, ಯಾರೂ ಕುಡಿಯಲಿಲ್ಲ. ಯುವರಾಜನ ಮೌಸಿನ ಸರದಿ ಬಂದಾಗ ವಾರಿಜಾ ಕಣ್ಣು ಮುಚ್ಚಿಕೊಂಡು ಏನೋ ಮಣಮಣಿಸುತ್ತಿದ್ದಳು. ವೇಗ ಹೆಚ್ಚಿತು. ಗೆರೆ ನೇರವಾಗಿ ಹೋಯಿತು. ಸಮನ್ವಿತಾ ಇನ್ನೂ ಹೆಚ್ಚಿಸಿದಳು, ಆಗಲೂ ನೇರವಾಗಿಯೇ ಇತ್ತು.

ಕೊನೆಗೆ ನಾಲ್ಕೂ ಗೆರೆಗಳನ್ನು ಒಂದರ ಕೆಳಗೊಂದು ಇಟ್ಟು ನೋಡಿ ಹೇಳಿದಳು: "ಯುವರಾಜಂದು ಎರಡನೇದು."

"ಇನ್ನೊಂಚೂರು ಸರಿಯಾಗಿ ನೋಡೇ," ಎಂದಳು ವಾರಿಜಾ.

"ನೋಡಿದೆ ಅಜ್ಜಿ. ತುಂಬ ಜೋರಾಗಿ ಓಡಿಸಿದ್ರೆ ಆ ಬಿಳೀದು ಇದಕ್ಕಿಂತ ಚೂರು ಮುಂದೆ. ಇದು ಎರಡನೇದು."

ಚಿದಾನಂದ್ ಅವರಿಗೂ ಅದನ್ನೇ ಹೇಳಿದಳು. ಗಂಧದ ಕಥೆಯನ್ನೂ ಮುಚ್ಚಿಡಲಿಲ್ಲ. ಫೋನಿನ ಸ್ಪೀಕರಿನಲ್ಲಿ ಆತ ಬಹಳ ಹೊತ್ತು ನಕ್ಕರು. "ನಮ್ಮ ಕೆಫೇಲೂ ಹಬ್ಬಕ್ಕೆ ನಮ್ಮಮ್ಮ ಬರ್ತಾರೆ ಮೇಡಂ, ಬಟ್ಟಲು ಹಿಡ್ಕೊಂಡು. ಮೊದಲನೇದು ಕೆಟ್ರೆ ಹೊರದೇಶಕ್ಕೆ ಕಳಿಸ್ಬೇಕು. ಎರಡನೇದು ಮಾಡಿದ ಹುಡುಗ ಎರಡು ರಸ್ತೆ ಆಚೆ ಇದ್ದಾನೆ. ಅದೇ ಇರ್ಲಿ."

ಯುವರಾಜ ತಣ್ಣಗಾಗಿದ್ದ ಕಾಫಿಯನ್ನು ಒಂದೇ ಗುಟುಕಿಗೆ ಕುಡಿದ. ಆಮೇಲೆ ಮನೆಗೆ ಫೋನು ಮಾಡಲು ಹೊರಗೆ ಹೋದವನು ಗೇಟಿನ ಹತ್ತಿರ ಅತ್ತಿದ್ದನ್ನು ನಾನು ಕಿಟಕಿಯಿಂದ ನೋಡಿದೆ. ನೋಡಿದೆನೆಂದು ಯಾರಿಗೂ ಹೇಳಲಿಲ್ಲ.

ಆ ವಾರ ಅವನು ಬಂದಾಗ ವಾರಿಜಾ ಕೋಡುಬಳೆ ಹಿಟ್ಟು ಕಲಸುತ್ತಿದ್ದಳು. "ಅಜ್ಜಿ, ಬೊಟ್ಟಿಡೋ ಬೆರಳಲ್ಲಿ ಇಲ್ಲೊಂದ್ಸಲ ಒತ್ತಿ," ಎಂದು ಹಿಟ್ಟಿನುಂಡೆಯ ಮೇಲೆ ಅವಳ ಉಂಗುರದ ಬೆರಳನ್ನು ಒತ್ತಿಸಿ, ಸ್ಕೇಲ್ ಇಟ್ಟು ಫೋಟೋ ತೆಗೆದುಕೊಂಡ. ಈಗಿನ ಹುಡುಗರು ಯಾವುದಕ್ಕೆ ಫೋಟೋ ತೆಗೆಯುತ್ತಾರೋ ಯಾರಿಗೆ ಗೊತ್ತು ಎಂದು ನಾನು ಗೊಣಗಿದೆ.

ಕೆಫೆಗೆ ಹೋಗುವ ಮೌಸ್‌ಗಳು ಸಿದ್ಧವಾದಾಗ ಮೊದಲನೆಯದನ್ನು ಅದೇ ಕರವಸ್ತ್ರದಲ್ಲಿ ಸುತ್ತಿ ತಂದ. ಬಟನ್ನುಗಳಿಂದ ದೂರ, ಅಂಗೈ ಕೂರುವ ಬೆನ್ನಿನ ಮೇಲೆ, ಒಂದು ಪುಟ್ಟ ದುಂಡನೆಯ ತಗ್ಗು ಇತ್ತು.

"ಇದೇನೋ, ಗ್ರಿಪ್ಪಾ?" ಎಂದು ಸಮನ್ವಿತಾ ಕೇಳಿದಳು.

"ಅಲ್ಲ. ಅಜ್ಜಿ ಜಾಗ. ಇಲ್ಲಿಟ್ರೆ ಬಟನ್ ಸಂದಿಗೂ ಹೋಗಲ್ಲ, ಕಣ್ಣಿಗೂ ಹೋಗಲ್ಲ."

ವಾರಿಜಾ ಕನ್ನಡಕ ಹಾಕಿಕೊಂಡು ನೋಡಿ, ಅಳುಕುತ್ತಾ ಉಂಗುರದ ಬೆರಳನ್ನು ಅದರಲ್ಲಿಟ್ಟಳು. ಅಳತೆ ತೆಗೆದು ಹೊಲಿದಂತೆ ಕೂತಿತು. ಮದುವೆಯಲ್ಲಿ ನಾನು ಆ ಬೆರಳಿಗೆ ತೊಡಿಸಿದ ಉಂಗುರ ಇವತ್ತಿಗೂ ಸಡಿಲ, ದಾರ ಸುತ್ತಿಕೊಂಡು ಹಾಕುತ್ತಾಳೆ. ಆ ಹುಡುಗನ ಮೇಲೆ ನನಗೆ ಆ ಹೊತ್ತು ಬಂದದ್ದು ಪ್ರೀತಿಯೋ ಹೊಟ್ಟೆಕಿಚ್ಚೋ ಹೇಳಲಾರೆ. ಎರಡೂ ಇತ್ತು.

ಹಬ್ಬವಲ್ಲ, ಹರಿದಿನವಲ್ಲ. ವಾರಿಜಾ ಒಳಗೆ ಹೋಗಿ ಗಂಧ ತೇಯ್ದು ತಂದು ಆ ತಗ್ಗಿನಲ್ಲಿ ಬೊಟ್ಟಿಟ್ಟಳು. ನಂತರ ಮೌಸನ್ನು ಮಗುಚಿ, ಹೊಟ್ಟೆಯ ಕಣ್ಣಿಗೆ ಏನೂ ತಾಗಿಲ್ಲವಷ್ಟೇ ಎಂದು ಬೆಳಕಿಗೆ ಹಿಡಿದು ನೋಡಿ, ಸೆರಗಿನ ತುದಿಯಿಂದ ಅದನ್ನು ಮೆಲ್ಲಗೆ ಒರೆಸಿದಳು. ಲೆನ್ಸಿಗೆ ಬಟ್ಟೆ ತಾಗಿಸಬಾರದು ಎಂಬುದು ಸಮನ್ವಿತಾಳ ಇನ್ನೊಂದು ನಿಯಮ. ಅವಳು ನೋಡಿದಳು, ಬಾಯಿ ತೆರೆದಳು, ಮತ್ತೆ ಸುಮ್ಮನಾದಳು.