ದಿಬ್ಬದಾಚೆ ಬಿದ್ದ ಚೆಂಡು

ಬಸ್ಸು ಇಳಿಯುವ ಹೊತ್ತಿಗೆ ಎಫಿ ಲಾಮಂಡ್ ಒಂದು ವಾಕ್ಯವನ್ನು ಬಾಯಿಪಾಠ ಮಾಡಿಕೊಂಡಿದ್ದಳು: "ದಯವಿಟ್ಟು ಬೇಜಾರು ಮಾಡ್ಕೋಬೇಡಿ, ನಿಮ್ಮ ವಿಮೆ ಇದಕ್ಕೆ ಬರಲ್ಲ." ಡಂಡೀ ನಗರದ ವಿಮಾ ಕಚೇರಿ ಅವಳೊಬ್ಬಳನ್ನೇ ಹೊರಗೆ ಕಳಿಸಿದ್ದು ಇದೇ ಮೊದಲು. ಫೋನಿನಲ್ಲಿ ಇಲ್ಲ ಎನ್ನುವುದೇ ಅವಳಿಗೆ ಕಷ್ಟ. ಎದುರಿಗೆ ನಿಂತು, ಮುಖ ನೋಡಿ ಇಲ್ಲ ಎನ್ನುವುದಂತೂ ಅವಳು ಎಂದೂ ಮಾಡಿರದ ಕೆಲಸ.

ವಿಷಯ ಸಣ್ಣದೇ. ಹಿಂದಿನ ಶನಿವಾರ ಕ್ರೇಗ್‌ಹೇವನ್ ಗಾಲ್ಫ್ ಕ್ಲಬ್ಬಿನ ಪಂದ್ಯದಲ್ಲಿ ಮೊರಾಗ್ ಸ್ವಾಂಕಿ ಎಂಬ ಎಪ್ಪತ್ತರ ಹತ್ತಿರದ ಹೆಂಗಸು ನಾಲ್ಕನೇ ಕುಳಿಗೆ ಒಂದೇ ಹೊಡೆತದಲ್ಲಿ ಚೆಂಡು ಇಳಿಸಿದ್ದಳು. ಹಾಗೆ ಇಳಿಸಿದವರು ಕ್ಲಬ್ಬಿನಲ್ಲಿ ಆಗ ಇದ್ದವರಿಗೆಲ್ಲ ಕುಡಿಸಬೇಕು, ಅದು ಆಟದ ರೂಢಿ. ಆ ಖರ್ಚಿಗೆ ಹೆದರಿಯೇ ಗಾಲ್ಫ್ ಆಡುವವರು ವಿಮೆ ಮಾಡಿಸುವುದು. ಅಂದು ಪಂದ್ಯದ ದಿನ. ಕ್ಲಬ್ಬಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಮೊರಾಗ್ ಎಲ್ಲರಿಗೂ ಕುಡಿಸಿದ್ದಳು, ಪಕ್ಕದೂರಿನಿಂದ ಬಂದಿದ್ದ ವಾದ್ಯದವರಿಗೂ ಸೇರಿಸಿ.

ಆದರೆ ನಾಲ್ಕನೆಯದು ಕುರುಡು ಕುಳಿ. ಹೊಡೆಯುವ ಜಾಗಕ್ಕೂ ಕುಳಿಗೂ ನಡುವೆ ಮರಳಿನ ದೊಡ್ಡ ದಿಬ್ಬ. ಅಂಥ ಕಡೆ ಚೆಂಡು ಕುಳಿಗೆ ಬೀಳುವುದನ್ನು ಯಾರಾದರೂ ಕಣ್ಣಾರೆ ಕಂಡಿರಬೇಕು ಎಂಬುದು ವಿಮೆಯ ಷರತ್ತು. ದಿಬ್ಬದಾಚೆ ತಮಾಷೆಗೆ ಚೆಂಡನ್ನು ಎತ್ತಿ ಕುಳಿಗೆ ಹಾಕುವ ಪುಣ್ಯಾತ್ಮರು ಎಲ್ಲ ಊರಲ್ಲೂ ಇರುತ್ತಾರಲ್ಲ. ವಿಮೆಯವರು ಒಪ್ಪಿದರೆ ಮಾತ್ರ ಗೋಡೆಯ ಗೌರವದ ಹಲಗೆಯ ಮೇಲೆ ಮೊರಾಗ್ ಹೆಸರು ಬರೆಸುತ್ತೇವೆ ಎಂದು ಕ್ಲಬ್ಬಿನವರೂ ಕೈತೊಳೆದುಕೊಂಡಿದ್ದರು.

ಎಫಿ ಕ್ಲಬ್ಬಿನ ಬಾಗಿಲು ತಳ್ಳಿದ್ದೇ ತಡ, ಮೊರಾಗ್ ಅವಳ ಕೈಗೆ ಬಿಸಿ ಬ್ರೈಡಿಯ ತಟ್ಟೆ ಇಟ್ಟಳು.

"ಮೊದಲು ತಿನ್ನು ಪುಟ್ಟಿ. ಗಾಳಿಗೆ ಹಾರಿಹೋಗೋ ಹಾಗಿದೀಯ."

ಬಾಯಿ ತುಂಬ ಮಾಂಸದ ಕಡುಬು ಇಟ್ಟುಕೊಂಡು ಇಲ್ಲ ಎನ್ನುವುದು ಹೇಗೆ? ಬಾಯಿಪಾಠದ ವಾಕ್ಯ ಕಡುಬಿನ ಜೊತೆಗೇ ಒಳಗೆ ಇಳಿಯಿತು.

ಅಂದು ಮೊರಾಗ್ ಜೊತೆ ಆಡಿದವಳು ಅವಳ ನಾದಿನಿ ಇಸೊಬೆಲ್. ಕಿಟಕಿಯ ಬಳಿ ನೆಟ್ಟಗೆ ಕೂತಿದ್ದಳು.

"ನಾನು ಕಂಡಿದ್ದನ್ನ ಹೇಳ್ತೀನಿ, ಕಾಣದ್ದನ್ನ ಹೇಳಲ್ಲ," ಅಂದಳು. "ಚೆಂಡು ದಿಬ್ಬ ದಾಟಿತು, ಕಂಡೆ. ಆಮೇಲೆ ಹೋಗಿ ನೋಡಿದ್ರೆ ಕುಳೀಲಿತ್ತು, ಕಂಡೆ. ಮಧ್ಯೆ ಏನಾಯ್ತೋ ದೇವರಿಗೇ ಗೊತ್ತು."

"ನೋಡಿದ್ಯಾ ಪುಟ್ಟಿ? ನನ್ನ ಗಂಡನ ತಂಗಿ!" ಎಂದಳು ಮೊರಾಗ್. "ನಲವತ್ತು ವರ್ಷ ಇವಳಿಗೆ ಸೂಪು ಬಡಿಸಿದೀನಿ."

"ಉಪ್ಪಿಲ್ಲದ ಸೂಪು, ಅತ್ತಿಗೆ. ಅದನ್ನೂ ಹೇಳಿಬಿಡು."

ಕ್ಲಬ್ಬಿನ ನಾಯಕ ಡುಗಲ್ಡ್ ಸ್ಪಿಂಕ್ ಗಟ್ಟಿಯಾಗಿ ನಕ್ಕ. ಕೆಂಪು ಸ್ವೆಟರಿನ ದೊಡ್ಡ ಆಳು. ಎಫಿ ಬಂದಾಗಿನಿಂದ ಒಂದು ಕಡೆ ನಿಂತಿರಲಿಲ್ಲ. "ಇಷ್ಟು ದೂರ ಬಂದಿದೀರಿ ಮೇಡಂ, ಪಾಪ. ನಾಲ್ಕನೇ ಕುಳೀತನಕ ನಡೆಯೋದೇನೂ ಬೇಡ. ಚಳಿ ಬೇರೆ," ಎಂದ.

ಎಫಿಗೆ ಮಾತು ಬರುತ್ತಿರಲಿಲ್ಲ, ನಿಜ. ಆದರೆ ಮಾತು ಬಾರದವರಿಗೆ ನೋಡುವುದಕ್ಕೆ ಬೇಕಾದಷ್ಟು ಪುರುಸೊತ್ತು ಇರುತ್ತದೆ. ಚಳಿಯೇನೂ ಇರಲಿಲ್ಲ. ಡುಗಲ್ಡ್‌ನ ಹಣೆಯಲ್ಲಿ ಬೆವರಿತ್ತು.

"ಒಂದ್ಸಲ ನೋಡ್ಕೊಂಡು ಬರೋಣ," ಎಂದಳು ಮೆಲ್ಲಗೆ.

ನಾಲ್ವರೂ ದಿಬ್ಬ ಹತ್ತಿ ಇಳಿದರು. ಆಚೆ ಬದಿಯಲ್ಲಿ ಬಟ್ಟಲಿನಂಥ ತಗ್ಗು, ನಯವಾಗಿ ಕತ್ತರಿಸಿದ ಹುಲ್ಲು, ನಡುವೆ ಕುಳಿ, ಅದರಲ್ಲಿ ನೆಟ್ಟ ಬಾವುಟ. ಹುಲ್ಲಿನ ಅಂಚಿಗೇ ಒಂದು ಕಂಬ, ಕಂಬಕ್ಕೆ ಹಿತ್ತಾಳೆಯ ಗಂಟೆ. ಮುಂದೆ ಆಡಿದವರು ಇಲ್ಲಿ ಆಟ ಮುಗಿಸಿ, ಜಾಗ ಖಾಲಿ ಮಾಡಿ ಗಂಟೆ ಹೊಡೆಯಬೇಕು. ದಿಬ್ಬದಾಚೆಯವರು ಆ ಸದ್ದು ಕೇಳಿಯೇ ಚೆಂಡು ಹೊಡೆಯುವುದು.

"ಅವತ್ತು ಗಂಟೆ ಕೇಳಿಸ್ತಾ?" ಎಫಿ ಕೇಳಿದಳು.

"ಕೇಳದೆ ಹೊಡೀತೀವಾ?" ಎಂದಳು ಇಸೊಬೆಲ್. "ಗಂಟೆ ಆಯ್ತು, ಅತ್ತಿಗೆ ಹೊಡೆದಳು. ನಾವು ಬರೋ ಹೊತ್ತಿಗೆ ಇಲ್ಲಿ ಒಂದು ನರಪಿಳ್ಳೆ ಇಲ್ಲ. ಬಾವುಟ ಮಾತ್ರ ಹುಲ್ಲಿನ ಮೇಲೆ ಬಿದ್ದಿತ್ತು. ಎಂಥಾ ಸೋಮಾರಿಗಳಪ್ಪ ಅಂತ ಬೈದೆ."

ಎಫಿ ಬಾವುಟವನ್ನು ನೋಡಿದಳು, ಗಂಟೆಯನ್ನು ನೋಡಿದಳು. ಆಟ ಮುಗಿಸಿ ಹೋಗುವವರು ಮೊದಲು ಬಾವುಟವನ್ನು ಕುಳಿಗೆ ಸಿಕ್ಕಿಸುತ್ತಾರೆ, ಆಮೇಲೆ ಗಂಟೆ. ಬಾವುಟ ಕೆಳಗೇ ಬಿದ್ದಿದ್ದರೆ, ಗಂಟೆಯಾದ ಮೇಲೂ ಯಾರೋ ಇಲ್ಲಿ ಇನ್ನೂ ಚೆಂಡು ತಳ್ಳುತ್ತಿದ್ದರು.

"ಮುಂದೆ ಆಡ್ತಿದ್ದವರು ಯಾರು?"

ಇಬ್ಬರು ಹೆಂಗಸರೂ ನಿಧಾನವಾಗಿ ಡುಗಲ್ಡ್ ಕಡೆ ತಿರುಗಿದರು. ಅವನ ಮುಖ ಸ್ವೆಟರಿನ ಬಣ್ಣಕ್ಕೆ ಬಂದಿತ್ತು.

"ಏನಪ್ಪಾ ಡುಗಲ್ಡ್?" ಎಂದಳು ಮೊರಾಗ್.

"ಒಂದು ಗೇಣು ದೂರದ ಚೆಂಡು ಕುಳಿಗೆ ಹಾಕಕ್ಕಾಗದೆ ತಪ್ಪಿಸಿಬಿಟ್ಟೆ, ಮೊರಾಗ್. ನನ್ನ ಜೊತೆಗಾರ ನಕ್ಕೊಂಡು ಮುಂದೆ ಹೋದ. ನಾನು ಗಂಟೆ ಬಾರಿಸಿದೆ. ಆಮೇಲೆ ಯಾಕೋ ತಡೀಲಿಲ್ಲ, ಹೊಟ್ಟೆ ಉರೀತಿತ್ತು. ಇನ್ನೊಂದ್ಸಲ ಹಾಕಿ ನೋಡೋಣ ಅಂತ ವಾಪಸ್ ಬಂದು ಬಾವುಟ ಕಿತ್ತೆ. ಅಷ್ಟರಲ್ಲಿ ತಲೆ ಮೇಲೆ ಸುಂಯ್ ಅಂತ ನಿನ್ನ ಚೆಂಡು!"

"ನೀನು ನೋಡಿದ್ಯಾ?" ಮೊರಾಗ್ ಧ್ವನಿ ಸಣ್ಣಗಾಯಿತು.

"ನೋಡಿದೆ. ನೋಡಿ ಆ ಮುಳ್ಳು ಪೊದೆ ಹಿಂದೆ ಕೂತೆ. ಜಾಗ ಖಾಲಿ ಮಾಡದೆ ಗಂಟೆ ಹೊಡೀಬಾರದು ಅಂತ ಹೋದ ವರ್ಷ ಮೈದಾನದ ವಿಮೆಗೆ ಇವರ ಕಚೇರಿಯವರೇ ಷರತ್ತು ಹಾಕಿದಾರೆ. ಹಾಗಂತ ಬೋರ್ಡು ಬರೆಸಿ ಮೊಳೆ ಹೊಡೆದವನೇ ನಾನು. ಈಗ ಬಾಯಿಬಿಟ್ರೆ ಇಡೀ ಮೈದಾನದ ವಿಮೆ ಹೋದ್ರೆ? ವಿಮೆ ಇಲ್ದೆ ಒಂದು ದಿನ ಬಾಗಿಲು ತೆಗೆಯಕ್ಕಾಗಲ್ಲ."

ಮೂವರೂ ಈಗ ಎಫಿಯನ್ನು ನೋಡುತ್ತಿದ್ದರು. ಕೆಳಗಡೆ ಸಮುದ್ರದ ಅಲೆ ದಡಕ್ಕೆ ಬಡಿಯುತ್ತಿತ್ತು.

"ಪುಟ್ಟಿ, ನನ್ನ ಹೆಸರು ಬೇಡ ಬಿಡು," ಎಂದಳು ಮೊರಾಗ್ ಥಟ್ಟನೆ. "ಯಾರೂ ನೋಡಿಲ್ಲ ಅಂತಲೇ ಬರ್ಕೋ. ಮೈದಾನ ಉಳೀಲಿ."

"ನಾನು ಸುಳ್ಳು ಹೇಳಲ್ಲ," ಎಂದಳು ಇಸೊಬೆಲ್. ಅತ್ತಿಗೆಯ ಕಡೆ ತಿರುಗಿ, "ಆದ್ರೆ ಬಾಯಿ ಮುಚ್ಕೊಂಡಿರ್ತೀನಿ. ಜೀವಮಾನದಲ್ಲಿ ಇದೇ ಮೊದಲು," ಎಂದಳು.

ಎಫಿಗೆ ಕೆನ್ನೆ ಬಿಸಿಯಾಯಿತು. ಆದರೆ ಅವಳ ಕಣ್ಣು ಗಂಟೆಯ ಕಂಬದ ಮೇಲೇ ಇತ್ತು. ಹುಲ್ಲಿನ ಅಂಚಿನಲ್ಲಿ, ಕುಳಿಯಿಂದ ನಾಲ್ಕು ಹೆಜ್ಜೆಗೆ ಗಂಟೆ ಇಟ್ಟರೆ ಯಾರಿಗಾದರೂ ವಾಪಸ್ ಬರುವ ಆಸೆಯಾಗುತ್ತದೆ.

"ಎರಡೂ ಬರೀತೀನಿ," ಎಂದಳು. ತನ್ನ ಧ್ವನಿ ಇಷ್ಟು ದೊಡ್ಡದೇ ಎಂದು ಅವಳಿಗೇ ಆಶ್ಚರ್ಯವಾಯಿತು. "ಚೆಂಡು ಬಿದ್ದಿದ್ದನ್ನ ನಾಯಕರು ನೋಡಿದಾರೆ ಅಂತ ಬರೀತೀನಿ. ಗಂಟೆ ಬೇಗ ಹೊಡೆದ್ರು ಅಂತಾನೂ ಬರೀತೀನಿ. ಯಾರಿಗೂ ಪೆಟ್ಟಾಗಿಲ್ಲ, ಅದಕ್ಕೆ ಯಾರೂ ವಿಮೆ ಕಿತ್ಕೊಳಲ್ಲ. ತಪ್ಪನ್ನ ಸರಿಮಾಡಿದ್ರಾ ಅಂತ ಕೇಳ್ತಾರೆ, ಅಷ್ಟೇ. ಈ ಗಂಟೆ ಇಲ್ಲಿರಬಾರದು. ಅಗೋ, ಮುಂದಿನ ಕುಳಿಗೆ ಹೋಗೋ ದಾರೀಲಿ, ಆ ಬೇಲಿ ಹತ್ರ ನೆಡಿ. ಇಲ್ಲಿಂದ ಹೊರಟು ಹೋಗದೆ ಯಾರ ಕೈಗೂ ಸಿಗಬಾರದು."

ಡುಗಲ್ಡ್ ಬೇಲಿ ನೋಡಿದ, ಗಂಟೆ ನೋಡಿದ. "ಇಷ್ಟೇನಾ?"

"ಸರಿಮಾಡಿದ್ದಾರೆ ಅಂತ ಬರೀಬೇಕಂದ್ರೆ ನಾನು ಹೋಗೋ ಮುಂಚೆ ಆಗ್ಬೇಕು."

"ನೋಡ್ತಾ ನಿಂತಿದೀಯಲ್ಲೋ, ಗುದ್ದಲಿ ತಾ!" ಎಂದಳು ಇಸೊಬೆಲ್.

ಅವನು ಗುದ್ದಲಿ ತಂದು ಗಂಟೆಯ ಕಂಬ ಕಿತ್ತು, ಬೇಲಿಯ ಬಳಿ ಅಗೆಯತೊಡಗಿದ. ಇಸೊಬೆಲ್ ಅರ್ಧ ತೋಡಿದ ಗುಂಡಿಯಲ್ಲೇ ಕಂಬ ನಿಲ್ಲಿಸಿ, ಸೊಟ್ಟಗಿದೆ ಎಂದು ಎಡಕ್ಕೆ ಒಮ್ಮೆ, ಬಲಕ್ಕೆ ಒಮ್ಮೆ ಬಗ್ಗಿಸಿದಳು. ಮೊರಾಗ್ ಮಾತ್ರ ಅತ್ತ ಗಮನ ಕೊಡದೆ ಹುಲ್ಲಿನ ಮೇಲೆ ಕುಳಿಯನ್ನು ನೋಡುತ್ತ ನಿಂತಿದ್ದಳು. ನಲವತ್ತು ವರ್ಷ ಆಡಿ ಒಂದೇ ಒಂದು ಸಲ ಬಿದ್ದ ಚೆಂಡು, ಅದೂ ಅವಳ ಕಣ್ಣಿಗೆ ಬೀಳದೆ.

"ಡುಗಲ್ಡ್," ಎಂದು ಕರೆದಳು. "ಹೇಗೆ ಬಿತ್ತು?"

ಅವನು ಗುದ್ದಲಿ ಊರಿ ನಿಂತ. "ಆ ಏರಲ್ಲಿ ಬಂದು ಕೂತಿತು, ಪುಟ್ಟಪುಟ್ಟದಾಗಿ ಎರಡು ಸಲ ಕುಪ್ಪಳಿಸಿತು. ಆಮೇಲೆ ಇಳಿಜಾರಲ್ಲಿ ಹೀಗೆ ಬಳಸ್ಕೊಂಡು, ಅವಸರವೇ ಇಲ್ದೆ, ಕುಳಿ ಅಂಚಿಗೆ ಬಂದು ನಿಂತುಬಿಟ್ಟಿತು. ನನಗೆ ಉಸಿರೇ ನಿಂತು ಹೋಯ್ತು ಕಣೇ. ಆಮೇಲೆ, ಇಳಿಯಲೋ ಬೇಡವೋ ಅಂತ ಯೋಚಿಸಿದ ಹಾಗೆ, ಟಪ್ ಅಂತ ಒಳಗೆ."

ಮೊರಾಗ್ ಆ ಏರಿನಿಂದ ಕುಳಿಯವರೆಗೆ ಕಣ್ಣಲ್ಲೇ ದಾರಿ ನಡೆದಳು. ಮತ್ತೆ ಏರಿಗೆ ಹೋದಳು.

"ಇನ್ನೊಂದ್ಸಲ ಹೇಳು," ಎಂದಳು.

"ಅಗೆಯೋದು ಬಿಡಬೇಡ, ಅಗೀತಾನೇ ಹೇಳು," ಎಂದಳು ಇಸೊಬೆಲ್. ಆದರೆ ಅವಳೂ ಕಂಬ ಬಿಟ್ಟು ಹತ್ತಿರ ಬಂದಳು.

ಎರಡನೇ ಸಲ ಹೇಳುವಾಗ ಚೆಂಡು ಮೂರು ಸಲ ಕುಪ್ಪಳಿಸಿತು. ಎಫಿ ಎರಡೇ ಎಂದು ಬರೆದುಕೊಂಡಳು.