ಸೇತುವೆಯ ಸಂದಿಗೆ ಸಿಮೆಂಟು ಹಾಕಿದ ಕಥೆ

ಸೇತುವೆಗೆ ಕಿವಿಗೊಟ್ಟು ಕೂತವರನ್ನು ನೀವು ಕಂಡಿದ್ದೀರಾ? ನಾನು ಕಂಡಿದ್ದೇನೆ. ಬೇರೆ ಯಾರೂ ಅಲ್ಲ, ನನ್ನ ಸ್ವಂತ ನಾದಿನಿ. ತಲೆಗೆ ಹಳದಿ ಟೋಪಿ, ಕೈಯಲ್ಲೊಂದು ಸಣ್ಣ ಸುತ್ತಿಗೆ. ಟಣ್ ಅಂತ ಬಡಿಯುವುದು, ಕಿವಿ ಹತ್ತಿರ ತರುವುದು, ಒಂದು ಹೆಜ್ಜೆ ಮುಂದೆ ಹೋಗಿ ಮತ್ತೆ ಬಡಿಯುವುದು. ಸೇತುವೆಗಳನ್ನು ಪರೀಕ್ಷಿಸುವುದೇ ಅವಳ ಕೆಲಸ ಅಂತ ಗೊತ್ತಿದ್ದರೂ ನನಗೆ ನಗು ತಡೆಯಲಾಗಲಿಲ್ಲ.

ನಮ್ಮ ಊರನ್ನು ನದಿ ಎರಡು ಭಾಗ ಮಾಡಿದೆ. ಇರುವ ಸೇತುವೆಗಳೆಲ್ಲ ಮುದಿ. ಒಂದೊಂದಾಗಿ ಕೆಡವಿ ಹೊಸದು ಕಟ್ಟುತ್ತಾರಂತೆ, ಮೊದಲ ಸರದಿ ನಮ್ಮದೇ. ನಮ್ಮ ಗಾಜಿನಂಗಡಿ ಇರುವುದು ಅದರ ತುದಿಯಲ್ಲಿ, ಗಿರಾಕಿಗಳು ಬರುವುದು ಆಚೆ ದಡದಿಂದ. ಸೇತುವೆ ಮುಚ್ಚಿದರೆ ಅಂಗಡಿಯ ಗತಿಯೇನು? ನನ್ನ ಗಂಡನಿಗೆ ಹಗಲೂ ರಾತ್ರಿ ಇದೇ ಚಿಂತೆ. ಪಕ್ಕದ ಬೀಗ ರಿಪೇರಿಯವನನ್ನು ಜೊತೆ ಹಾಕಿಕೊಂಡು, ಮರುದಿನದ ಊರ ಸಭೆಯಲ್ಲಿ ಈ ಕೆಲಸ ನಿಲ್ಲಿಸಿಯೇ ತೀರುತ್ತೇನೆಂದು ಹಟ ಹಿಡಿದಿದ್ದ.

ನೀರು ಕುಡಿಯಲು ಅಂಗಡಿಗೆ ಬಂದ ನಾದಿನಿಯನ್ನು ಅವನು ಕೂರಲೂ ಬಿಡಲಿಲ್ಲ.

“ಏನೇ, ತಂಗಿಯಾಗಿ ಅಣ್ಣನ ಹೊಟ್ಟೆ ಮೇಲೆ ಹೊಡೀತೀಯಾ? ಸೇತುವೆ ಗುಂಡುಕಲ್ಲಿನ ಹಾಗಿದೆ!”

“ಹೌದಾ? ಹಾಗಾದ್ರೆ ಒಂದು ಕೇಳ್ತೀನಿ, ಹೇಳು. ಸೇತುವೆ ಮುಗಿದು ರಸ್ತೆ ಶುರುವಾಗೋ ಕಡೆ ಅಡ್ಡಕ್ಕೊಂದು ಸಂದು ಇರ್ಬೇಕು. ಆಚೆ ತುದೀಲಿದೆ. ಈ ತುದೀದು ಎಲ್ಲಿ ಹೋಯ್ತು?”

ಬೀಗದವನು ಮುಸಿಮುಸಿ ನಕ್ಕ. ಗಂಡ ಎದೆಯುಬ್ಬಿಸಿದ.

“ಅದಾ? ನಾವೇ ಮುಚ್ಚಿದ್ವಿ! ಗಾಡಿ ಚಕ್ರ ಅದರೊಳಗೆ ಬಿದ್ದು ಎಷ್ಟು ಗಾಜು ಚೂರಾಗಿದೆ ಗೊತ್ತಾ? ಹೇಳಿ ಹೇಳಿ ಬಾಯಿ ನೋವು ಬಂತು, ಯಾರೂ ಬರ್ಲಿಲ್ಲ. ಕೊನೆಗೆ ನಾನೂ ಇವನೂ ಸೇರಿ ಸಿಮೆಂಟು, ಜಲ್ಲಿ ತುಂಬಿ ನುಣ್ಣಗೆ ಮಾಡಿದ್ವಿ. ಊರಿಗೇ ಉಪಕಾರ!”

“ಅಯ್ಯೋ ದೇವರೇ!” ನಾದಿನಿ ತಲೆ ಮೇಲೆ ಕೈ ಹೊತ್ತಳು.

ಈಗ ಬೈಯುತ್ತಾಳೆ ಅಂದುಕೊಂಡೆ. ಬೈಯಲಿಲ್ಲ. ಗೋಡೆಗೆ ಒರಗಿಸಿದ್ದ ಕಬ್ಬಿಣದ ಕಿಟಕಿ ಚೌಕಟ್ಟು ತೋರಿಸಿದಳು.

“ಅಣ್ಣ, ಇದಕ್ಕೆ ಗಾಜು ಕೂರಿಸುವಾಗ ಬಿಗಿಯಾಗಿ ಕೂರೋ ಹಾಗೆ ಕತ್ತರಿಸ್ತೀಯಾ?”

“ಹುಚ್ಚೇನೇ ನಿಂಗೆ? ಒಂದೆಳೆ ಕಮ್ಮಿ ಕತ್ತರಿಸ್ಬೇಕು. ಬಿಸಿಲಿಗೆ ಹಿಗ್ಗೋಕೆ ಜಾಗ ಬೇಡ್ವಾ? ಇಲ್ದಿದ್ರೆ ಗಾಜು...”

ಅವನ ಕಣ್ಣು ಸೇತುವೆಯ ಕಡೆ ಹೊರಳಿತು.

“ಹೇಳು, ಗಾಜು ಏನಾಗುತ್ತೆ?”

“ಒಡೆಯುತ್ತೆ,” ಅಂದ, ಮೆಲ್ಲಗೆ.

“ಸೇತುವೆನೂ ಬಿಸಿಲಿಗೆ ಹಿಗ್ಗುತ್ತಣ್ಣ, ಚಳಿಗೆ ಕುಗ್ಗುತ್ತೆ. ಅದಕ್ಕೇ ಆ ಸಂದು. ನೀನು ಮುಚ್ಚಿಬಿಟ್ರೆ ಪಾಪ, ಅದು ಎಲ್ಲಿಗೆ ಹೋಗ್ಬೇಕು?”

“ಎಲ್ಲಿಗೆ ಹೋಗುತ್ತೆ?” ಅಂತ ನಾನು ಮಧ್ಯೆ ಬಾಯಿ ಹಾಕಿದೆ. ಕೇಳದಿದ್ದರೆ ನನಗೆ ಸಮಾಧಾನವಿರಲಿಲ್ಲ.

“ಬನ್ನಿ ಅತ್ತಿಗೆ, ತೋರಿಸ್ತೀನಿ.”

ಎಲ್ಲರೂ ಸೇತುವೆಯ ಕೆಳಗಿಳಿದೆವು. ಸೇತುವೆಯ ತುದಿಯನ್ನು ಹೊತ್ತ ದಪ್ಪ ಗೋಡೆ ಅಲ್ಲಿದೆ. ಅದರ ಮೇಲ್ಭಾಗದಲ್ಲಿ ನನ್ನ ಬೆರಳು ಹೋಗುವಷ್ಟು ಬಿರುಕು! “ಹಿಗ್ಗೋಕೆ ಜಾಗ ಸಿಗದೆ ಸೇತುವೆ ಈ ಗೋಡೇನ ತಳ್ಳಿದೆ,” ಅಂತ ನಾದಿನಿ ಸುತ್ತಿಗೆಯನ್ನು ನನ್ನ ಕೈಗೆ ಕೊಟ್ಟಳು. ಗಟ್ಟಿ ಇದ್ದ ಕಡೆ ಬಡಿದರೆ ಟಣ್ ಅಂತಿತ್ತು, ಬಿರುಕಿನ ಪಕ್ಕದಲ್ಲಿ ಡಬ್ ಅಂತಿತ್ತು. ಗಂಡ ಸುತ್ತಿಗೆ ಕಿತ್ತುಕೊಂಡು ತಾನೂ ಬಡಿದ, ಮತ್ತೆ ಮತ್ತೆ ಬಡಿದ. ಅಷ್ಟರಲ್ಲಿ ಮೇಲೆ ಬಸ್ಸೊಂದು ಹೋಯಿತು. ಪುಡಿ ಅವನ ತಲೆ ಮೇಲೆ ಉದುರಿತು. ನಮ್ಮ ಮಗಳು ಕಾಲೇಜಿಗೆ ದಿನಾ ಹೋಗುವುದು ಆ ಬಸ್ಸಿನಲ್ಲೇ.

“ಇದೆಲ್ಲಾ ನನ್ನಿಂದ್ಲೇ ಆಯ್ತಾ?” ತಲೆ ಮೇಲಿನ ಪುಡಿ ಕೊಡವಿಕೊಳ್ಳದೆಯೇ ಕೇಳಿದ.

“ಎಲ್ಲಾ ಅಲ್ಲ. ಒಳಗಿನ ಕಬ್ಬಿಣ ಮೊದಲೇ ತುಕ್ಕು ಹಿಡಿದಿದೆ. ಇಷ್ಟು ಭಾರದ ಬಸ್ಸು ಲಾರಿ ಬರ್ತವೆ ಅಂತ ಆಗ ಕಟ್ಟಿದೋರು ಅಂದ್ಕೊಂಡಿರ್ಲಿಲ್ಲ. ನೀನು ಇನ್ನಷ್ಟು ಬೇಗ ಕೆಡಿಸ್ದೆ, ಅಷ್ಟೆ. ಇವತ್ತೇ ಇಲ್ಲಿ ಬಸ್ಸು ಲಾರಿ ನಿಲ್ಲಿಸ್ತೀವಿ.”

“ಮತ್ತೆ ಅಂಗಡಿ?”

“ವ್ಯಾಪಾರ ಇಳಿಯುತ್ತೆ, ಸುಳ್ಳು ಹೇಳಲ್ಲ. ನಡೆಯೋರಿಗೆ ಪಕ್ಕದಲ್ಲೇ ತಾತ್ಕಾಲಿಕ ಸೇತುವೆ ಹಾಕ್ತಾರೆ. ನಿಮಗೇನು ಬೇಕೋ ನಾಳೆ ಸಭೇಲಿ ಕೇಳಿ. ಕಟ್ಟಿದ್ಮೇಲೆ ಕೇಳಿ ಏನು ಪ್ರಯೋಜನ?”

ಸಭೆಯಲ್ಲಿ ಗಂಡ ಎದ್ದು ನಿಂತಾಗ, ಇನ್ನು ರಂಪ ಶುರುವಾಯಿತು ಅಂತ ಎಲ್ಲರೂ ಕಾದರು.

“ಸಂದು ಮುಚ್ಚಿದ್ದು ನಾವೇ, ತಪ್ಪಾಯ್ತು. ಸೇತುವೆ ಕೆಡವಿ. ಆದ್ರೆ ನಡೆಯೋ ಸೇತುವೆಗೆ ಮೆಟ್ಟಿಲು ಬೇಡ, ಗಾಡಿ ತಳ್ಳೋಕೆ ಇಳಿಜಾರು ಬೇಕು. ಮತ್ತೆ, ಹೊಸ ಸೇತುವೆ ಸಂದಿಗೆ ಚಕ್ರ ಬೀಳದ ಹಾಗೆ ಏನು ಮಾಡ್ತೀರಿ?”

“ನನಗೂ ಇಳಿಜಾರೇ ಬೇಕು!” ಹಿಂದಿನಿಂದ ಊರುಗೋಲಿನ ಅಜ್ಜಿಯೊಬ್ಬಳು ಕೂಗಿದಳು.

ಸಂದಿನ ಮೇಲೆ ರಬ್ಬರ್ ಪಟ್ಟಿ ಬರುತ್ತದೆ, ಅದು ಸೇತುವೆಯ ಜೊತೆ ಹಿಗ್ಗಿ ಕುಗ್ಗುತ್ತದೆ ಎಂದು ಸಭೆಗೆ ಬಂದಿದ್ದ ಎಂಜಿನಿಯರು ವಿವರಿಸಿದರು. ಇಳಿಜಾರನ್ನು ನಕ್ಷೆಗೆ ಅಲ್ಲೇ ಸೇರಿಸಿದರು.

ನಮ್ಮ ವ್ಯಾಪಾರ ಇಳಿದದ್ದು ನಿಜ. ಆದರೂ ಗಂಡ ದಿನಾ ಬೇಲಿಯ ಹತ್ತಿರ ನಿಂತು ಕೆಲಸ ನೋಡಿ, ಮನೆಗೆ ಬಂದು ವರದಿ ಒಪ್ಪಿಸುತ್ತಿದ್ದ. ನಮ್ಮ ಕಡೆಯ ತುದಿ ಬಿಚ್ಚುವ ದಿನ ಮಗಳೂ ಜೊತೆಗಿದ್ದಳು. ಕ್ರೇನು ಮೇಲಿನ ಕಾಂಕ್ರೀಟ್ ಹಾಸನ್ನು ಎತ್ತಿತು ಅಷ್ಟೇ. ಯಾರೂ ಮುಟ್ಟದೆಯೇ ಗೋಡೆಯ ಮೇಲ್ಭಾಗ ಕಳಚಿ ನೀರಿಗೆ ಬಿತ್ತು. ಗಂಡ ಮಗಳ ಕೈ ಹಿಡಿದುಕೊಂಡವನು ಬಹಳ ಹೊತ್ತು ಬಿಡಲೇ ಇಲ್ಲ.

ನಿಮ್ಮೂರ ಸೇತುವೆಯಲ್ಲೂ ಅಂಥ ಸಂದು ಇದ್ದೇ ಇರುತ್ತದೆ, ಹೋಗಿ ನೋಡಿ. ದಯವಿಟ್ಟು ಮುಚ್ಚಬೇಡಿ. ಅದರಿಂದ ತೊಂದರೆಯಿದ್ದರೆ, ಬಿರುಕು ಕಂಡರೆ, ಸಂಬಂಧಪಟ್ಟವರಿಗೆ ತಿಳಿಸಿ. ಅವರು ಬರದಿದ್ದರೆ ಬರುವವರೆಗೂ ಬೆನ್ನು ಹತ್ತಿ. ಭಾರದ ಗಾಡಿ ಬೇಡವೆಂದು ಹಲಗೆ ಹಾಕಿದ್ದರೆ ವಾದಿಸದೆ ಬೇರೆ ದಾರಿ ಹಿಡಿಯಿರಿ. ಹೊಸ ಸೇತುವೆಯ ಸಭೆ ಕರೆದರೆ ತಪ್ಪದೆ ಹೋಗಿ, ಕೇಳಬೇಕಾದ್ದನ್ನೆಲ್ಲ ಕೇಳಿ. ಆ ಸೇತುವೆಯ ಮೇಲೆ ನಾಳೆ ನಡೆಯುವವರು ನಿಮ್ಮ ಮಕ್ಕಳೇ.