ಡಬ್ಬಿಗೆ ಮರಳಿದ ಹಿಡಿ

ಹತ್ತರಗಿಯ ಹೆದ್ದಾರಿ ಬದಿ ಖಾನಾವಳಿ ನಡೆಸುವ ಗುರುಪಾದ ನಮ್ಮ ಮಹಿಳಾ ಸಂಘಕ್ಕೆ ದಿನಕ್ಕೆ ಇನ್ನೂರು ಶೇಂಗಾ ಹೋಳಿಗೆ ಕೇಳಿದ. ಷರತ್ತು ಒಂದೇ. ಯಾರು ಮಾಡಿದರೂ ರುಚಿ ಬದಲಾಗಬಾರದು, ಅಳತೆಯನ್ನು ಗ್ರಾಂನಲ್ಲಿ ಬರೆದಿಡಬೇಕು. ಸಂಜೆ ತಿಂದು ನೋಡುತ್ತೇನೆ, ಸರಿ ಬಾರದಿದ್ದರೆ ಆರ್ಡರನ್ನು ಹುಕ್ಕೇರಿಯವರಿಗೆ ಕೊಡುತ್ತೇನೆ ಎಂದ.

ಕೌಜಲಗಿಯಲ್ಲಿ ನನ್ನಂಥ ಹೋಳಿಗೆ ಯಾರೂ ಮಾಡುವುದಿಲ್ಲ. ಇದನ್ನು ನಾನೇ ಹೇಳಬೇಕು, ಉಳಿದವರು ಹೊಟ್ಟೆಕಿಚ್ಚಿಗೆ ಹೇಳುವುದಿಲ್ಲ. ನನ್ನ ಅಳತೆ ನಾಲ್ಕು ಸೇರು ಶೇಂಗಾಕ್ಕೆ ಎರಡೂವರೆ ಸೇರು ಬೆಲ್ಲದ ಪುಡಿ. ಬಿ.ಎಸ್ಸಿ. ಓದಿದ ಅರ್ಚನಾ ತಕ್ಕಡಿ ತಂದಳು. ನಾನು ಡಬ್ಬಿಯಿಂದ ಸೇರು ತುಂಬಿದ್ದೇ ತಡ, ಕೈಯಿಂದ ಕಿತ್ತುಕೊಂಡು ತೂಗಿದಳು. ಏಳುನೂರು ಗ್ರಾಂ. ನಾಲ್ಕರಿಂದ ಗುಣಿಸಿ ಎರಡು ಸಾವಿರದ ಎಂಟುನೂರು ಎಂದು ಬರೆದಳು. ಬೆಲ್ಲದ್ದೂ ಹಾಗೇ ಬರೆದಳು.

ಅವಳೇ ತೂಗಿಕೊಟ್ಟದ್ದರಲ್ಲಿ ಸಂಘದ ಭಾಗ್ಯಾ ಹೋಳಿಗೆ ಮಾಡಿದಳು. ಲಟ್ಟಿಸುವಾಗಲೇ ಒಡೆದವು. ಹೂರಣ ಉದುರು ಉದುರು, ಸಿಹಿಯೂ ಸಾಲದು.

"ಯಮನಕ್ಕ ಬೇಕಂತ್ಲೇ ತಪ್ಪ ಅಳತಿ ಹೇಳ್ಯಾಳ," ಎಂದು ನನ್ನತ್ತ ಬೆರಳು ತೋರಿಸಿದಳು ಬಾಜೂ ಮನೆಯ ಯಲ್ಲಕ್ಕ. ದಿನವಿಡೀ ಕುರಿಗಳನ್ನು ಕೂಗಿ ಕೂಗಿ ಅವಳ ಗಂಟಲು ಊರಿಗೆಲ್ಲ ಕೇಳುತ್ತದೆ. "ತನ್ನ ಕೈರುಚಿ ಮಂದಿಗಿ ಸಿಗಬಾರದಂತ."

"ನಿನ್ನ ನಾಲಗಿ ಸುಡ್ಲಿ! ಬಾ ಇಲ್ಲೆ, ಮುಂದ ಕುಂತ ನೋಡ."

ಡಬ್ಬಿ ಎಳೆದುಕೊಂಡು ಅಳೆಯತೊಡಗಿದೆ. ಮೂರನೆಯ ಸೇರಿಗೆ ಯಲ್ಲಕ್ಕ ನನ್ನ ಮಣಿಕಟ್ಟು ಹಿಡಿದಳು.

"ಹಿಡದೆ ಕಳ್ಳೀನ! ಈ ಹಿಡಿ ಎಲ್ಲಿಗೆ ಹೊಂಟೈತಿ?"

ನೋಡಿದರೆ ನನ್ನ ಮುಷ್ಟಿ ತುಂಬ ಶೇಂಗಾ. ಸೇರಿನಿಂದ ತೆಗೆದು ಡಬ್ಬಿಗೆ ಮರಳಿ ಹಾಕುತ್ತಿದ್ದೆ, ಪ್ರತಿ ಸೇರಿಗೂ ಒಂದು ಹಿಡಿ. ಮನೆಯ ಡಬ್ಬಿ ಬರಿದಾಗಬಾರದೆಂದು ಅವ್ವ ಹಾಕುತ್ತಿದ್ದಳು, ಅತ್ತೆ ಹಾಕುತ್ತಿದ್ದಳು. ನಾನೂ ಹಾಕುತ್ತೇನೆಂಬುದು ಇಷ್ಟು ವರ್ಷ ನನಗೇ ಗೊತ್ತಿರಲಿಲ್ಲ.

ಅರ್ಚನಾ ಹಿಡಿಯನ್ನು ತೂಗಿದಳು. ಅರವತ್ತು ಗ್ರಾಂ. ನಾಲ್ಕು ಹಿಡಿ ಕಳೆದು ಎರಡು ಸಾವಿರದ ಐನೂರ ಅರವತ್ತು ಎಂದು ತಿದ್ದಿದಳು.

"ಈಗ ನೀನ ತೂಗ, ಭಾಗ್ಯಾ."

ಅಂಕಿ ಸರಿಯಾಗಿ ಬಂತು. ಬಂದ ಕೂಡಲೇ ಭಾಗ್ಯಾ ತಟ್ಟೆಯಿಂದ ಒಂದು ಹಿಡಿ ತೆಗೆದು ಡಬ್ಬಿಗೆ ಹಾಕಿದಳು.

"ಏ ಭಾಗ್ಯಾ!"

"ಅಯ್ಯ! ಕೈ ತಾನ ಹೋತ್ರಿ!"

"ಸರಕೊಳ್ರಿ, ನಾ ತೂಗತೇನಿ," ಎಂದು ಯಲ್ಲಕ್ಕ ಸೆರಗು ಸಿಕ್ಕಿಸಿ ಕುಳಿತಳು. ಅವಳೂ ಹಾಕಿದಳು. ಈ ಸಲ ಮಣಿಕಟ್ಟು ಹಿಡಿದವಳು ನಾನು. ಬಳೆ ಉಳಿದದ್ದು ಅವಳ ಪುಣ್ಯ.

ಅರ್ಚನಾ ತಲೆ ಚಚ್ಚಿಕೊಂಡು ಚೀಟಿಯನ್ನು ಮತ್ತೊಮ್ಮೆ ಬರೆದಳು. ಅದರಂತೆ ಮಾಡಿದ ಹೋಳಿಗೆ ಒಂದೂ ಒಡೆಯಲಿಲ್ಲ.

ಸಂಜೆ ಗುರುಪಾದ ಬಂದ. ಎರಡು ತಿಂದು, ಮೂರನೆಯದನ್ನು ಕೈಯಲ್ಲಿ ಹಿಡಿದು ಚೀಟಿ ಓದಿದ. "ಶೇಂಗಾ ಎರಡು ಸಾವಿರದ ಆರುನೂರ ಇಪ್ಪತ್ತು ಗ್ರಾಂ ತೂಗಿ, ಒಂದು ಹಿಡಿ ಡಬ್ಬಿಗೆ ಮರಳಿ ಹಾಕಬೇಕು... ಏನ್ರಿ ಇದು? ತಿರಗಿ ಹಾಕೂದಿದ್ರ ತೂಗೂದ್ಯಾಕ?"

"ನಿನಗ ಹೋಳಿಗಿ ಬೇಕೋ, ನಮ್ಮ ಡಬ್ಬಿ ಚಿಂತಿ ಬೇಕೋ?" ಎಂದೆ.

ಅವನು ಬೆರಳು ನೆಕ್ಕಿದ. "ಖರೆ ಬಿಡ್ರಿ. ನಾಳಿಂದ ಇನ್ನೂರ ಕಳಸ್ರಿ."

ಯಲ್ಲಕ್ಕನ ಹಿಡಿ ನನ್ನ ಹಿಡಿಯ ಒಂದೂವರೆ ಪಟ್ಟು ಇದೆ. ಅದನ್ನು ಅವನಿಗೆ ಯಾರೂ ಹೇಳಲಿಲ್ಲ.